ಬೋರೆಪೇಟೆ ಬಾವಿಯ ಕೋರಂ

ದೀಪ ಆರಿಸಬೇಡಿ, ಇರಲಿ. ಇದು ಕತೆ ಅಲ್ಲ… ನಮ್ಮ ಪಕ್ಕದ ಮನೆ ಬಸವಪ್ರಸಾದನಿಗೆ ಹೋದ ವರ್ಷ ಆಗಿದ್ದು. ಅರ್ಧ ಅವನ ಬಾಯಿಂದ ಕೇಳಿದ್ದು. ಇನ್ನರ್ಧ… ಇರಲಿ, ಬರ್ತೀನಿ ಅಲ್ಲಿಗೆ.

ಆವತ್ತು ರಾತ್ರಿ ಹತ್ತೂಮುಕ್ಕಾಲು. ಪ್ರಸಾದ ತನ್ನ ಜೆರಾಕ್ಸ್ ಅಂಗಡಿ ಬಾಗಿಲು ಎಳೆದು, ಒಂದು ಉದ್ದನೆಯ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಮನೆ ಕಡೆ ಹೊರಟಿದ್ದ. ದಾರಿ ಇರೋದೇ ಪೇಟೆ ಬಾವಿಯ ಪಕ್ಕದಲ್ಲಿ. ಅಲ್ಲಿ ಬೀದಿದೀಪದ ಕಂಬ ಹನ್ನೆರಡಿವೆ. ಉರಿಯೋದು ಒಂದು, ಅದೂ ಪಂಚಾಯ್ತಿ ಅಧ್ಯಕ್ಷರ ಮನೆ ಮುಂದೆ. ಮೊಬೈಲ್ ಟಾರ್ಚ್ ಹಾಕಿಕೊಂಡು ನಡೆಯುತ್ತಿದ್ದ. ಬಾವಿ ಇನ್ನು ಹತ್ತು ಮಾರು ಇದೆ ಅನ್ನುವಾಗ ಕೇಳಿಸಿತು.

ಕಿರ್ರ್… ಕಿರ್ರ್… ಕಿರ್ರ್…

ರಾಟೆ ತಿರುಗುವ ಸದ್ದು. ಖಾಲಿ ಕೊಡ ಇಳಿಯುವಾಗ ಅದು ಗಡಗಡ ಅನ್ನುತ್ತೆ. ತುಂಬಿದ ಕೊಡ ಮೇಲೆ ಬರುವಾಗ ಹೀಗೆ ನಿಧಾನವಾಗಿ, ನರಳಿದ ಹಾಗೆ. ಇದು ಮೇಲೆ ಬರುವ ಸದ್ದು.

ಪ್ರಸಾದನ ಕಾಲು ಅಲ್ಲೇ ನಿಂತುಬಿಟ್ಟಿತು. ಯಾಕೆಂದರೆ ಆ ಬಾವಿಗೆ ರಾಟೆಯೇ ಇಲ್ಲ. ಹತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಕಿತ್ತುಕೊಂಡು ಹೋಗಿ ಗುಜರಿಗೆ ಹಾಕಿದ.

ಅವನು ಅಲ್ಲೇ ನಿಂತಿರಲಿ. ಆ ಪುಸ್ತಕ ಏನು, ಅವನ ಕೈಗೆ ಹೇಗೆ ಬಂತು ಅಂತ ಹೇಳದಿದ್ದರೆ ಮುಂದಿನದು ನಿಮಗೆ ಗೊತ್ತಾಗಲ್ಲ.

ನಮ್ಮ ಬೋರೆಪೇಟೆ ಎಲ್ಲಿದೆ ಅಂದರೆ, ಹುಣಸೂರಿನಿಂದ ಕೋಟೆಗೆ ಹೋಗುವ ಬಸ್ಸು ನಿಲ್ಲಿಸದೆ ಹೋಗುವ ಕಡೆ ಇದೆ. ಕಾಲುವೆ ನೀರು ನಮ್ಮೂರು ಹತ್ತಲಿಲ್ಲ. ಬೇಸಿಗೆಯಲ್ಲಿ ಗಾಳಿ ಎದ್ದರೆ ತಟ್ಟೆಯಲ್ಲಿರುವ ಮುದ್ದೆಗೂ ಮಣ್ಣು. ಮಿರ್ಲೆ ಕಡೆಯ ನೀರಾವರಿ ನೆಂಟರು ನಮ್ಮೂರಿಗೆ ರಾಜಸ್ಥಾನ ಅಂತಲೇ ಹೆಸರಿಟ್ಟಿದ್ದಾರೆ. "ನಿಮ್ಮೂರ್ಗೆ ಎಣ್ಣು ಕೊಟ್ರೆ ಜೊತೇಲಿ ಒಂಟೇನೂ ಕೊಡ್ಬೇಕೇನ್ರಪ್ಪಾ?" ಅಂತ ಕೇಳ್ತಾರೆ. ನಗಬೇಕು, ಇನ್ನೇನು ಮಾಡೋದು.

ಆದರೆ ಒಂದು ಕಾಲಕ್ಕೆ ನಮ್ಮದು ಪುರಸಭೆ ಇದ್ದ ಊರು ಕಣ್ರೀ. ಬೆಳಗ್ಗೆ ಏಳಕ್ಕೆ ವಾಚನಾಲಯದ ಬಾಗಿಲು ತೆಗೆದಿರೋದು. ಶುಕ್ರವಾರ ಬಂದರೆ ಪ್ರತಿ ಮನೆಯವರೂ ತಮ್ಮ ಕಡೆಯ ಅರ್ಧ ಬೀದಿ ಗುಡಿಸಬೇಕು, ಎದುರು ಮನೆಯವರು ಇನ್ನರ್ಧ. ಯಾರೂ ಹೇಳಬೇಕಾಗಿರಲಿಲ್ಲ. ಇನ್ನು ಪೇಟೆ ಬಾವಿ… ಅದನ್ನು ಸರ್ಕಾರ ತೋಡಿಸಿದ್ದಲ್ಲ. ಚೇರ್ಮನ್ ವೀರಭದ್ರಸ್ವಾಮಿಯವರ ಕಾಲದಲ್ಲಿ ಊರೇ ಸೇರಿ ಎಂಬತ್ತು ಅಡಿ ತೋಡಿ, ಮನೆಗೊಂದು ಕಲ್ಲಿನಂತೆ ಹೊತ್ತು ತಂದು ಕಟ್ಟಿದ್ದು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರಲ್ಲ, ನಮ್ಮೂರಲ್ಲಿ ಮದುವೆಯಾಗಿ ಬಂದ ಹೆಣ್ಣು ಮೊದಲು ಹೋಗುತ್ತಿದ್ದದ್ದೇ ಆ ಬಾವಿಗೆ.

ಆಮೇಲೆ ಬಸ್ಸು ಬೈಪಾಸಿಗೆ ಹೋಯಿತು. ಹೊಗೆಸೊಪ್ಪಿನ ವ್ಯಾಪಾರ ಪಿರಿಯಾಪಟ್ಟಣಕ್ಕೆ ಹೋಯಿತು. ಪುರಸಭೆ ಗ್ರಾಮ ಪಂಚಾಯ್ತಿ ಆಯಿತು. ವಾಚನಾಲಯದಲ್ಲಿ ಈಗ ಸಿಮೆಂಟ್ ಮೂಟೆ ಇವೆ. ಬಾವಿಗೆ ಕೋಳಿ ಪುಕ್ಕ, ಹಳೇ ಹಾಸಿಗೆ, ಪ್ಲಾಸ್ಟಿಕ್. ಹಾಳೂರಿಗೆ ಉಳಿದವನೇ ಗೌಡ ಅನ್ನೋ ಹಾಗೆ ಕಿರಣ್‌ಕುಮಾರ್ ಅಧ್ಯಕ್ಷನಾದ. ಬಾವಿ ಮುಚ್ಚಿ ಅದರ ಮೇಲೆ ಹನ್ನೆರಡು ಮಳಿಗೆ ಕಟ್ಟುತ್ತೇನೆ ಅಂದ. ಇರುವ ಅಂಗಡಿಯವರೇ ನೊಣ ಹೊಡೆಯುತ್ತಾ ಕೂತಿದ್ದಾರೆ, ಇನ್ನೂ ಹನ್ನೆರಡು ಯಾರಿಗೆ? ಕೇಳಿದವನು, ಅರ್ಜಿ ಮೇಲೆ ಅರ್ಜಿ ಹಾಕಿದವನು ಬಸವಪ್ರಸಾದ ಒಬ್ಬನೇ. ಊರವರು ಅವನಿಗೆ ಅರ್ಜಿ ಪ್ರಸಾದ ಅಂತ ಹೆಸರಿಟ್ಟರು.

ಮುಚ್ಚುವುದನ್ನು ತಡೆಯೋಕೆ ಒಂದೇ ದಾರಿ ಉಳಿದಿತ್ತು. ಗ್ರಾಮಸಭೆ ಸೇರಬೇಕು, ಕೋರಂಗೆ ನೂರು ಜನ ಹಾಜರಿರಬೇಕು, ಬಾವಿ ಬೇಕು ಅಂತ ನಿರ್ಣಯ ಆಗಬೇಕು. ಪ್ರಸಾದ ಒಂದು ವಾರ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರಿದ. ಗಂಟಲು ಕಟ್ಟಿಹೋಯಿತು. ಸಭೆಗೆ ಬಂದವರು ಅವನೂ ಸೇರಿ ಹನ್ನೊಂದು ಜನ. ನಾನೂ ಹೋಗಿರಲಿಲ್ಲ.

"ಯೋಚ್ನೆ ಮಾಡ್ಬ್ಯಾಡಿ ಪ್ರಸಾದಣ್ಣ," ಅಂದ ಪಂಚಾಯ್ತಿ ಜವಾನ ಅಂಕಯ್ಯ, ಹಾಜರಿ ಪುಸ್ತಕ ಅವನ ಕೈಗೆ ಕೊಡುತ್ತಾ. "ಎಲ್ಲಾ ಊರಲ್ಲೂ ಇಂಗೇಯ. ಮನೆಮನೆಗೋಗಿ ರುಜು ಆಕುಸ್ಕೊಂಡು ಬೆಳಿಗ್ಗೆ ತಂದ್ಕೊಡಿ. ಪಿಡಿಒ ಸಾಹೇಬ್ರು ಅಂಗೇ ಏಳವ್ರೆ."

ಹೋದ. ಒಂದು ಮನೆಯಲ್ಲಿ ಧಾರಾವಾಹಿ ಮುಗಿಯಲಿ ಅಂದರು. ಒಂದು ಮನೆಯಲ್ಲಿ ಯಜಮಾನರಿಲ್ಲ ಅಂತ ಯಜಮಾನರೇ ಒಳಗಿಂದ ಕೂಗಿದರು. "ಊರ ಉಸಾಬರಿ ನಮಗ್ಯಾಕಪ್ಪ?" ಅಂದರು ಇನ್ನೊಬ್ಬರು. ಮೂರು ಗಂಟೆ ಅಲೆದ. ಒಂದು ರುಜುವೂ ಬೀಳಲಿಲ್ಲ.

ಅಂಗಡಿಗೆ ಬಂದು ಕೂತ. ಅವನಿಗೆ ಅಳು ಬರಲಿಲ್ಲ, ಮೈಯೆಲ್ಲಾ ಉರಿಯುತ್ತಿತ್ತು. ಎದುರಿಗೆ ಮತದಾರರ ಪಟ್ಟಿ ಬಿದ್ದಿತ್ತು. ಅದರಲ್ಲಿ ಸತ್ತವರ ಹೆಸರು ಯಾರೂ ಹೊಡೆದುಹಾಕಿಲ್ಲ, ಅದನ್ನು ಮಾಡೋಕೂ ನಮ್ಮೂರಲ್ಲಿ ಗತಿಯಿಲ್ಲ. ಆಗ ಅವನಿಗೆ ಆ ಹಾಳು ಯೋಚನೆ ಬಂತು. ಬದುಕಿರೋರ ರುಜು ನಾನೇ ಹಾಕಿದರೆ ನಾಳೆ ಬಂದು ನಾನು ಹಾಕಿಲ್ಲ ಅಂತಾರೆ. ಸತ್ತೋರು ಬಂದು ಹೇಳ್ತಾರಾ?

ಎಂಬತ್ತೊಂಬತ್ತು ಹೆಸರು ಬರೆದ. ತನ್ನ ಅಜ್ಜಿ ಶಿವರುದ್ರಮ್ಮನಿಂದ ಶುರುಮಾಡಿದ. ಚೇರ್ಮನ್ ವೀರಭದ್ರಸ್ವಾಮಿಯವರ ಹೆಸರು ಹೇಗೋ ಇನ್ನೂ ಪಟ್ಟಿಯಲ್ಲಿತ್ತು, ಅದನ್ನೂ ಬರೆದ. ಎಲ್ಲರ ಮುಂದೂ ಹಾಜರು, ಹಾಜರು, ಹಾಜರು ಅಂತ ಬರೆದು, ಒಂದೊಂದು ರುಜು ಗೀಚಿ ಪುಸ್ತಕ ಮುಚ್ಚಿದ.

ಆ ಪುಸ್ತಕವೇ ಈಗ ಅವನ ಕಂಕುಳಲ್ಲಿ…

ಕಿರ್ರ್… ಕಿರ್ರ್… ಆಮೇಲೆ ಠಣ್. ತಾಮ್ರದ ಕೊಡವನ್ನು ಕಲ್ಲಿನ ಮೇಲೆ ಇಟ್ಟ ಸದ್ದು.

ಸುಮ್ಮನಾಯಿತು. ನಾಯಿ ಕೂಡ ಬೊಗಳುತ್ತಿರಲಿಲ್ಲ. ಪ್ರಸಾದ ಟಾರ್ಚನ್ನು ಬಾವಿ ಕಟ್ಟೆ ಕಡೆ ತಿರುಗಿಸಿದ. ಯಾರೂ ಇಲ್ಲ… ಆದರೆ ಕಲ್ಲಿನ ಮೇಲೆ ಹೆಜ್ಜೆ. ಒದ್ದೆ ಹೆಜ್ಜೆ. ಒಂದಲ್ಲ ಎರಡಲ್ಲ, ಬಾವಿಯ ಸುತ್ತ ಒತ್ತೊತ್ತಾಗಿ, ಬೆರಳೆಲ್ಲ ಅವನ ಕಡೆಗೆ ತಿರುಗಿಕೊಂಡು. ಅವನು ನೋಡುತ್ತಿದ್ದ ಹಾಗೇ ಹಿಂದಿನ ಸಾಲಲ್ಲಿ ಇನ್ನೆರಡು ಮೂಡಿದವು… ಪಚಕ್… ಪಚಕ್…

"ಪ್ರಸಾದೂ…"

ಅಜ್ಜಿ ದನಿ. ಸತ್ತು ನಾಲ್ಕು ವರ್ಷ ಆಗಿತ್ತು.

"ಎದ್ರುಕೋಬ್ಯಾಡ ಕಣ್ ಮಗಾ. ನೀನೇ ತಾನೆ ಕರೆದಿದ್ದು? ಎಲ್ರೂ ಬಂದಿವಿ."

ಯಾರೋ ಮುದುಕರು ಕೆಮ್ಮಿದರು. ಊರುಗೋಲು ಕಲ್ಲಿಗೆ ತಾಗಿತು… ಟಕ್.

"ಏನ್ ವಿಷ್ಯ, ಓದಪ್ಪ," ಅಂತು ಗಂಡುದನಿ, ಮೆಲ್ಲಗೆ. "ಕೋರಂ ಆಗದೆ."

ಚೇರ್ಮನ್ ವೀರಭದ್ರಸ್ವಾಮಿಯವರು ಅಂತ ಅವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ, ಅವರನ್ನು ಅವನು ನೋಡಿಯೇ ಇರಲಿಲ್ಲ. ಪ್ರಸಾದ ಪುಸ್ತಕ ಬಿಚ್ಚಿದ. "ಬಾವಿ… ಬಾವಿ ಮುಚ್ತಾರಂತೆ. ಬೇಡ ಅಂತ ನಿರ್ಣಯ…"

"ಮುಚ್ಬಾರ್ದು ಅನ್ನೋರು ಕೈ ಎತ್ತಿ."

ಆಗ ಬಂತು ಆ ಸದ್ದು. ಜಲ್… ಅಂತ. ಹತ್ತಾರು ಹೆಂಗಸರು ಒಟ್ಟಿಗೆ ಕೈ ಎತ್ತಿದರೆ ಗಾಜಿನ ಬಳೆ ಮೊಣಕೈವರೆಗೂ ಜಾರುತ್ತಲ್ಲ, ಆ ಸದ್ದು. ಗಂಡಸರ ಹೆಗಲ ವಸ್ತ್ರ ಸರಕ್ ಅಂದಿತು.

"ಆಯ್ತು," ಅಂತು ಗಂಡುದನಿ. "ಬದ್ಕಿರೋರು ಎಷ್ಟ್ ಜನ ಬಂದಿದ್ರು?"

"ಹನ್ನೊಂದು."

ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು. ಪ್ರಸಾದನಿಗೆ ಭಯ ಹೋಗಿ ಸಿಟ್ಟು ಬಂತು.

"ನಾನೇನ್ ಮಾಡ್ಲಿ ಸ್ವಾಮಿ?" ಅಂದ. "ಒಬ್ಬೊಬ್ರ ಮನೆ ಬಾಗ್ಲಿಗೂ ಹೋದೆ. ಬರಲ್ಲ. ಯಾರ್ಗೂ ಏನೂ ಬ್ಯಾಡ. ನೀವು ಕಟ್ಬುಟ್ಟು ಹೊಂಟೋದ್ರಿ. ಕಾಯೋಕೆ ನಾನೊಬ್ನೇ ಸಿಕ್ಕಿದ್ನಾ?"

ಊರುಗೋಲು ಇನ್ನೊಂದು ಸಲ ಟಕ್ ಅಂದಿತು.

"ಮನೆಗೋಗು ಮಗಾ," ಅಂದಳು ಅಜ್ಜಿ, ಕಿವಿ ಹತ್ತಿರದಲ್ಲೇ. "ಉಣ್ಣುಕ್ಕೋಗು. ತಿರುಗ್ ನೋಡ್ಬ್ಯಾಡ."

ಓಡಿದ. ಪುಸ್ತಕ ಎಲ್ಲಿ ಬಿತ್ತೋ ಗೊತ್ತಿಲ್ಲ. ರಾತ್ರಿಯೆಲ್ಲಾ ಜ್ವರ. ಬೆಳಗ್ಗೆ ಅವನ ತಲೆಯಲ್ಲಿ ಇದ್ದದ್ದು ಒಂದೇ… ಆ ಪುಸ್ತಕ ಹುಡುಕಿ ಆ ಹಾಳೆಗಳನ್ನು ಹರಿದು ಹಾಕಬೇಕು. ಬಾಗಿಲು ತೆಗೆದರೆ ಅಂಕಯ್ಯ.

"ಏನಣ್ಣ, ರಾತ್ರಿ ಬೀಗ ತೆಗ್ದು ಆಫೀಸ್‌ಗೆ ಓಗಿದ್ರಾ? ಪುಸ್ತಕ ಮೇಜಿನ್ ಮ್ಯಾಲೇ ಇತ್ತು. ನೂರೂ ಭರ್ತಿ ಆಗದೆ ಅಂತ ಸಾಹೇಬ್ರು ಖುಷಿಯಾಗಿ ತಾಲ್ಲೂಕಿಗೆ ಕಳಿಸ್ಬುಟ್ರು."

ಆಫೀಸಿನ ಬೀಗದ ಕೈ ಇರುವುದು ಅಂಕಯ್ಯನ ಹತ್ತಿರ ಮಾತ್ರ.

ಕಿರಣ್‌ಕುಮಾರ್ ಸುಮ್ಮನಿರುತ್ತಾನಾ? ಸತ್ತವರ ರುಜು ಹಾಕಿದ್ದಾನೆ, ಕೇಸು ಹಾಕಿ ಒಳಗೆ ಕಳಿಸಿ ಅಂತ ದೂರು ಕೊಟ್ಟ. ಹದಿನೈದು ದಿನಕ್ಕೆ ಆದೇಶ ಬಂತು. ಅಧಿಕಾರಿಗಳು ಬಾವಿ ಹತ್ತಿರವೇ ಬಂದು ಒಬ್ಬೊಬ್ಬರ ಹೆಸರು ಕರೆದು ಪರಿಶೀಲಿಸುತ್ತಾರೆ ಅಂತ. ಪ್ರಸಾದ ಎರಡು ದಿನ ಊಟ ಬಿಟ್ಟ. ಅವನ ಹೆಂಡತಿ ಪೂಜಾ, "ಊರು ಊರು ಅಂತ ನಮ್ಮ ಮನೇನ ಬೀದಿಗೆ ತಂದ್ರಿ," ಅಂತ ಅತ್ತಳು. ಅವಳು ಹೇಳಿದ್ದು ಸುಳ್ಳಲ್ಲ.

ಆ ದಿನ ಸಂಜೆ ನಾಲ್ಕಕ್ಕೆ ಬಾವಿ ಹತ್ತಿರ ಎಷ್ಟು ಜನ ಅಂತೀರಿ? ಮುನ್ನೂರಕ್ಕೆ ಕಡಿಮೆ ಇಲ್ಲ. ಗ್ರಾಮಸಭೆಗೆ ಹನ್ನೊಂದು ಜನ ಬಂದ ಊರು, ಒಬ್ಬ ಸಿಕ್ಕಿಹಾಕಿಕೊಳ್ಳೋದನ್ನು ನೋಡೋಕೆ ಮಕ್ಕಳು ಮರಿ ಕಟ್ಟಿಕೊಂಡು ಬಂದಿತ್ತು. ಕಡಲೆಕಾಯಿ ಮಾರುವವನೂ ಬಂದಿದ್ದ. ನಾಚಿಕೆ ಆಗಬೇಕು.

ಅಧಿಕಾರಿ ಮೂರ್ತಿ ಅಂತ. ನಗು ಅನ್ನೋದನ್ನೇ ಕಾಣದ ಮುಖ. ಜೀಪಿನಿಂದ ಇಳಿದು, ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ ಕರೆಯೋಕೆ ಶುರುಮಾಡಿದರು. ಮೊದಲು ಆ ಹನ್ನೊಂದು ಜನ. "ಇದೀನಿ ಸಾರ್" ಅಂದರು, ಗುರುತು ಹಾಕಿಕೊಂಡರು. ಆಮೇಲೆ…

"ಶಿವರುದ್ರಮ್ಮ."

ಜನ ಕಿಸಕ್ ಅಂತ ನಕ್ಕರು. ಪ್ರಸಾದ ತಲೆ ತಗ್ಗಿಸಿದ. ಮೂರ್ತಿ ತಲೆ ಎತ್ತಿ, ಕಟ್ಟೆಯ ಎಡಗಡೆ ಖಾಲಿ ಜಾಗ ನೋಡಿ, "ಕೂತ್ಕೊಳ್ಳಿ ಅಮ್ಮ, ನಿಂತ್ಕೋಬೇಡಿ," ಅಂದರು. ಗುರುತು ಹಾಕಿದರು. ಟಿಕ್.

ನಗು ನಿಂತಿತು.

"ವೀರಭದ್ರಸ್ವಾಮಿ." ಮೂರ್ತಿ ಸ್ವಲ್ಪ ಎದ್ದ ಹಾಗೆ ಮಾಡಿ ಕೈ ಮುಗಿದರು. ಟಿಕ್.

ಮುಂದಿನ ಹೆಸರು. ಟಿಕ್. ಮುಂದಿನದು. ಟಿಕ್. ಮುಕ್ಕಾಲು ಗಂಟೆ ಆ ಪೆನ್ನಿನ ಸದ್ದು ಬಿಟ್ಟು ಇನ್ನೇನೂ ಇಲ್ಲ. ಎಂಬತ್ತೊಂಬತ್ತೂ ಮುಗಿದ ಮೇಲೆ ಪುಸ್ತಕ ಮುಚ್ಚಿ ಪ್ರಸಾದನ ಕಡೆ ತಿರುಗಿದರು.

"ಇಷ್ಟು ಜನ ವಯಸ್ಸಾದೋರು ಬಿಸಿಲಲ್ಲಿ ಬಂದು ಕೂತಿದಾರೆ. ನಿಮ್ಮೂರಲ್ಲಿ ಮಿಕ್ಕಿದೋರು ಒಬ್ರೂ ಬರ್ಲಿಲ್ವಲ್ರೀ, ಯಾಕೆ? ದೂರು ಕೊಟ್ಟ ಅಧ್ಯಕ್ಷರೇ ಇಲ್ಲ."

"ಸಾರ್, ನಾನ್ ಇಲ್ಲೇ ನಿಂತಿವ್ನಲ್ಲ!" ಅಂತ ಕಿರಣ್‌ಕುಮಾರ್ ಅವರ ಎದುರಿಗೇ ಬಂದು ನಿಂತ. ಮುಖಕ್ಕೆ ಮುಖ ಕೊಟ್ಟು ಕೈ ಆಡಿಸಿದ. ಮೂರ್ತಿ ಧೂಳು ಬಂತೇನೋ ಅನ್ನುವ ಹಾಗೆ ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡು, ಅವನನ್ನು ದಾಟಿ ಜೀಪು ಹತ್ತಿದರು. "ಸಾರ್… ಸಾರ್…" ಅಂತ ಕಿರಣ್‌ಕುಮಾರ್ ಜೀಪಿನ ಹಿಂದೆ ಬೈಪಾಸ್‌ವರೆಗೂ ಓಡಿದ.

ನಿರ್ಣಯ ಊರ್ಜಿತವಾಯಿತು. ಬಾವಿ ಮುಚ್ಚಲಿಲ್ಲ, ಮಳಿಗೆ ಬರಲಿಲ್ಲ. ಹಾಗಂತ ಯಾರೂ ಹೋಗಿ ಕಸ ತೆಗೆದಿಲ್ಲ. ಭಾನುವಾರ ಪ್ರಸಾದ ಒಬ್ಬನೇ ಮಂಕರಿ ಬುಟ್ಟಿ ಹಿಡಿದು ಇಳಿಯುತ್ತಾನೆ.

ಸುಳ್ಳು ಅನ್ನೋರು ತಾಲ್ಲೂಕು ಕಚೇರಿಗೆ ಹೋಗಿ ಮಹಜರು ತೆಗೆಸಿ ನೋಡಿ. ನಾನು ನಕಲು ತೆಗೆಸಿ ಓದಿದ್ದೇನೆ. ನೂರು ಮಂದಿ ಹಾಜರು ಅಂತಿದೆ. ಅದರ ಕೆಳಗೆ ಒಂದು ಸಾಲು: "ಇವರ ಹೊರತು ಸ್ಥಳದಲ್ಲಿ ಬೇರೆ ಯಾವ ವ್ಯಕ್ತಿಯೂ ಕಂಡುಬಂದಿರುವುದಿಲ್ಲ."

ಆವತ್ತು ನಾನು ಮುಂದಿನ ಸಾಲಲ್ಲೇ ನಿಂತಿದ್ದೆ ಕಣ್ರೀ. ಮೂರ್ತಿಯವರಿಂದ ಎರಡು ಮೊಳ ದೂರದಲ್ಲಿ.