ನಿದ್ದೆಗೊಂದು ಮಾತ್ರೆ ಹೇಳು

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ನಮ್ಮಕ್ಕನ ನಂಬರ್ ಅಲ್ವಾ?… ಓ, ಅವಳ ಜೊತೆ ಕೆಲಸ ಮಾಡೋರಾ. ನಾನು ತಂಗಿ. ಸ್ವಲ್ಪ ಅವಳಿಗೆ ಕೊಡ್ತೀರಾ?… ಹೆರಿಗೆ ವಾರ್ಡಲ್ಲಿ ಇದಾಳಾ. ಪರವಾಗಿಲ್ಲ, ಕಾಯ್ತೀನಿ. ಅರ್ಜೆಂಟ್ ಏನಿಲ್ಲ… ಅಲ್ಲ, ಸ್ವಲ್ಪ ಅರ್ಜೆಂಟೇ.

…

ಅಕ್ಕಾ… ಹಾಂ, ನಾನೇ. ಏನೂ ಆಗಿಲ್ಲ, ಮೊದಲು ಉಸಿರು ಬಿಡು. ನೋವು ಗೀವು ಏನೂ ಇಲ್ಲ, ಇನ್ನೂ ಎಂಟು ತಿಂಗಳೇ ತುಂಬಿಲ್ಲ… ಗೊತ್ತು ಕಣೆ, ನಿನ್ನ ಡ್ಯೂಟಿ ಹೊತ್ತಲ್ಲಿ ಯಾವತ್ತೂ ಮಾಡಲ್ಲ ನಾನು. ಒಂದೇ ಒಂದು ಕೇಳ್ಬೇಕಿತ್ತು. ಬಸುರಿ ಹೆಂಗಸು ತಗೋಬಹುದಾದ ನಿದ್ದೆ ಮಾತ್ರೆ ಯಾವುದಾದ್ರೂ ಇದ್ರೆ ಹೆಸರು ಹೇಳು. ಇಲ್ಲೇ ಎದುರುಗಡೆ ಮೆಡಿಕಲ್ ಶಾಪಿದೆ.

…

ಬೈಬೇಡ, ಪೂರ್ತಿ ಕೇಳು. ಕಣ್ಣು ಮುಚ್ಚಿ ಎಷ್ಟು ದಿನ ಆಯ್ತು ಗೊತ್ತಾ ನಾನು?… ಎಡಕ್ಕೇ ಮಲಗ್ತೀನಿ. ಮಂಡಿ ಮಧ್ಯ ಒಂದು ದಿಂಬು, ಬೆನ್ನಿಗೊಂದು, ಹೊಟ್ಟೆ ಕೆಳಗೊಂದು. ಮಂಚದ ಮೇಲೆ ಕೋಟೆ ಕಟ್ಟಿದೀನಿ, ನಿದ್ದೆನೇ ಒಳಗೆ ಬರೋಕಾಗ್ದೆ ಹೊರಗೆ ನಿಂತಿದೆ… ಇವರಿಗೆ ರಾತ್ರಿ ಪಾಳಿ ಅಲ್ವಾ, ಪ್ರೆಸ್ಸಲ್ಲಿ. ಬೆಳಿಗ್ಗೆ ಬಂದು ಬಿದ್ಕೋತಾರೆ, ನಾನು ಎದ್ದು ಹೋಗ್ತೀನಿ. ಅತ್ತೆನಾ? ಅತ್ತೆ ಏನಂತಾರೆ, ಇದೆಲ್ಲ ಇದ್ದಿದ್ದೇ, ಮಗು ಬಂದ್ಮೇಲಂತೂ ಮಲಗೋ ಹಾಗಿಲ್ಲ, ಈಗಿನಿಂದ್ಲೇ ಅಭ್ಯಾಸ ಆಗ್ಲಿ ಅಂತಾರೆ.

…

ಕೆಲಸಕ್ಕೆ ಬರ್ತಿದೀನಿ. ಇನ್ನೊಂದು ತಿಂಗಳು ಅಂತ ಡ್ರೈವಿಂಗ್ ಸ್ಕೂಲ್ ಓನರ್‌ಗೆ ಹೇಳಿದೀನಿ… ನಾನೇನು ಓಡಿಸ್ತೀನಾ, ಪಕ್ಕದ ಸೀಟಲ್ಲಿ ಕೂತು ಹೇಳಿಕೊಡೋದು ತಾನೇ. ಕ್ಲಚ್ ಬಿಡಿ, ಕನ್ನಡಿ ನೋಡಿ, ಅಷ್ಟೇ… ಅದಕ್ಕೇ ಫೋನ್ ಮಾಡಿದ್ದು. ಅಕ್ಕ, ಇವತ್ತು ನಾನು ಕಾರಲ್ಲಿ ನಿದ್ದೆ ಹೋಗಿಬಿಟ್ಟೆ.

…

ಇಲ್ಲ, ಪೆಟ್ಟಾಗಿಲ್ಲ. ಯಾರಿಗೂ ಆಗಿಲ್ಲ. ಕೇಳು. ಬ್ರೇಕಮ್ಮ ಓಡಿಸ್ತಿದ್ರು… ಅದೇ, ಹೇಳಿದ್ನಲ್ಲ, ಅರವತ್ತು ದಾಟಿದ ಮೇಲೆ ಕಲಿಯೋಕೆ ಬಂದಿದಾರೆ ಅಂತ. ಎಲೆ ಬಿದ್ರೂ ಬ್ರೇಕ್ ಹಾಕ್ತಾರೆ, ಅದಕ್ಕೆ ಆಫೀಸಲ್ಲಿ ಆ ಹೆಸರು. ನಮ್ಮ ಮುಂದೆ ಕಬ್ಬಿಣದ ಸರಳು ತುಂಬಿದ ಲಾರಿ. ಸರಳೆಲ್ಲ ಹಿಂದಕ್ಕೆ ಚಾಚ್ಕೊಂಡು, ತುದೀಲಿ ಒಂದು ಕೆಂಪು ಬಟ್ಟೆ. ಆ ಬಟ್ಟೆ ನೋಡಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ. ಲಾರಿ ನಿಂತಿದೆ, ನನಗೆ ಗೊತ್ತೇ ಆಗಿಲ್ಲ. ನನ್ನ ಕಡೆನೂ ಬ್ರೇಕ್ ಇರತ್ತಲ್ಲ, ಕಾಲು ಅದರ ಮೇಲೇ ಇತ್ತು ಅಕ್ಕ. ಕಾಲು ಅಲ್ಲೇ ಇತ್ತು, ನಾನಿರ್ಲಿಲ್ಲ. ಬ್ರೇಕಮ್ಮ ಹಾಕಿದ್ರು. ಕಣ್ಣು ಬಿಟ್ರೆ ಸರಳಿನ ತುದಿ ಗಾಜಿನ ಎದುರಿಗೆ.

…

ಬೆಲ್ಟ್ ಹೊಟ್ಟೆ ಕೆಳಗೇ ಇತ್ತು. ಜಗ್ಗಿದ್ದು ಹೆಗಲಿಗೆ… ರಕ್ತ ಇಲ್ಲ, ನೀರಿಲ್ಲ, ನೋಡ್ಕೊಂಡೆ. ಈಗ ರಸ್ತೆ ಪಕ್ಕ ನಿಲ್ಲಿಸಿದೀವಿ. ಅವರು ನೀರು ತರೋಕೆ ಅಂಗಡಿಗೆ ಹೋಗಿದಾರೆ. ಒಂದು ಮಾತು ಬೈಲಿಲ್ಲ ಆ ಯಮ್ಮ. ಬೈದಿದ್ರೆ ಚೆನ್ನಾಗಿರ್ತಿತ್ತು… ಅದಕ್ಕೇ ಮಾತ್ರೆ ಹೇಳು ಅಂದಿದ್ದು. ಒಂದು ರಾತ್ರಿ, ಒಂದೇ ಒಂದು ರಾತ್ರಿ ಮಲಗಿದ್ರೆ ಸರಿಹೋಗ್ತೀನಿ.

…

ಯಾವ ಸದ್ದು?… ಹಾಂ, ಅದಾ. ನಂದೇ. ಚಪ್ಪಲಿ ಬಿಟ್ಟು ಬ್ರೇಕ್ ಪೆಡಲ್ಲಿನ ರಬ್ಬರಿಗೆ ಅಂಗಾಲು ಉಜ್ಜುತಿದೀನಿ. ತುರಿಕೆ… ಇದೆ, ಒಂದೆರಡು ವಾರದಿಂದ. ಅದೇ ತಾನೇ ಮಲಗೋಕೆ ಬಿಡದೆ ಇರೋದು. ಹೇಳಿಲ್ವಾ ನಾನು? ತುರಿಕೆ ಅಂತ ಏನು ಹೇಳೋದು ಬಿಡು, ಹೊಟ್ಟೆ ದೊಡ್ಡದಾದ್ರೆ ಎಲ್ಲರಿಗೂ ಚರ್ಮ ತುರಿಸತ್ತೆ.

…

ಇಲ್ಲ, ಹೊಟ್ಟೆ ಮೇಲಲ್ಲ. ಅಂಗಾಲು, ಅಂಗೈ… ಗುಳ್ಳೆ ಇಲ್ಲ, ಕೆಂಪಾಗಿಲ್ಲ, ನೋಡಿದ್ರೆ ಏನೂ ಕಾಣಲ್ಲ, ಅದಕ್ಕೇ ಯಾರೂ ನಂಬಲ್ಲ. ಹಗಲು ಹೇಗೋ ತಡ್ಕೋತೀನಿ, ಮಲಗಿದ ತಕ್ಷಣ ಶುರು. ಚರ್ಮದ ಒಳಗಡೆ ಏನೋ ಓಡಾಡಿದ ಹಾಗೆ. ಬಾಚಣಿಗೆ ತಗೊಂಡು ಕೆರ್ಕೋತೀನಿ, ಬಕೆಟ್ಟಲ್ಲಿ ತಣ್ಣೀರು ತುಂಬಿ ಕಾಲಿಟ್ಕೊಂಡು ಬಚ್ಚಲಲ್ಲಿ ಕೂತಿರ್ತೀನಿ. ಮೊನ್ನೆ ಹಾಸಿಗೆ ಬಟ್ಟೆ ಮೇಲೆ ಅಲ್ಲಲ್ಲಿ ರಕ್ತದ ಚುಕ್ಕಿ. ತಿಗಣೆ ಇರ್ಬೇಕು ಅಂತ ಇವರು ಹಾಸಿಗೆ ಎತ್ತಿ ಬಿಸಿಲಿಗೆ ಹಾಕಿದ್ರು.

…

ಯಾಕೆ ಇಷ್ಟೆಲ್ಲ ಕೇಳ್ತಿದೀಯಾ?… ಇನ್ನೇನು, ಕೇಳು.

…

ಮೂತ್ರದ ಬಣ್ಣನಾ? ಥೂ, ಇದನ್ನೆಲ್ಲ… ಹೇಳ್ತೀನಿ, ಹೇಳ್ತೀನಿ. ಕಡು ಹಳದಿ. ಅಲ್ಲ, ಹಾಲು ಹಾಕದ ಚಹಾ ತರ. ನೀರು ಕಮ್ಮಿ ಕುಡೀತೀನಿ ಅಂದ್ಕೊಂಡೆ, ಕ್ಲಾಸ್ ಮಧ್ಯ ಎದ್ದೆದ್ದು ಹೋಗೋಕಾಗಲ್ವಲ್ಲ… ಡಾಕ್ಟರಿಗೆ ಹೇಳಿಲ್ಲ. ನಿದ್ದೆ ಬರಲ್ಲ ಅಂದೆ, ಈ ತಿಂಗಳಲ್ಲಿ ಹಾಗೇನೇ ಅಂದ್ರು. ಹೊರಗಡೆ ಅಷ್ಟು ಜನ ಕಾಯ್ತಿದ್ರು, ಅಂಗಾಲು ತುರಿಸತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ.

…

ಲಿವರಾ? ನನಗ್ಯಾಕೆ ಲಿವರ್… ಪಿತ್ತ ರಕ್ತಕ್ಕೆ ಸೇರೋದಾ. ಹಾಂ… ಹಾಂ… ನನಗೇನಾಗಲ್ಲ ಅಂದ್ರೆ? ಮತ್ತೆ ಯಾರಿಗಾಗತ್ತೆ?… ನಿಜ ಹೇಳು. ನರ್ಸಾಗಿ ಹೇಳ್ಬೇಡ, ಅಕ್ಕನಾಗಿ ಹೇಳು.

…

ಮಗುಗಾ… ಹೊಟ್ಟೇಲೇ?

…

ಮಗು ಯಾವಾಗ ಅಲ್ಲಾಡ್ತು ಅಂದ್ರೆ… ಬೆಳಿಗ್ಗೆ. ಬೆಳಿಗ್ಗೆನೇ ಅಲ್ವಾ? ತಡಿ. ನಿನ್ನೆ ಖಂಡಿತ ಒದ್ದಿದೆ. ಇವತ್ತು… ಅಕ್ಕ, ನೆನಪಾಗ್ತಿಲ್ಲ. ನಿದ್ದೆ ಇಲ್ದೆ ತಲೆ ಹಿಟ್ಟಾಗಿದೆ, ಯಾವುದು ನಿನ್ನೆ ಯಾವುದು ಇವತ್ತು ಗೊತ್ತಾಗ್ತಿಲ್ಲ. ತಡಿ, ಕೈ ಇಟ್ಟು ನೋಡ್ತೀನಿ…

…

ಇಲ್ಲ ಕಣೆ.

…

ಎಲ್ಲಿಗೆ? ಈಗ್ಲೇನಾ? ಸಂಜೆ ಇವರು ಎದ್ಮೇಲೆ… ಆಯ್ತು. ಆಯ್ತು, ಕಿರುಚಬೇಡ, ಹೋಗ್ತೀನಿ. ನಿಮ್ಮಲ್ಲಿಗೆ ದೂರ, ಇಲ್ಲಿನ ದೊಡ್ಡಾಸ್ಪತ್ರೆಗೇ ಹೋಗ್ತೀನಿ… ನಾನು ಓಡಿಸಲ್ಲ. ಬ್ರೇಕಮ್ಮನ್ನೂ ಓಡಿಸೋಕೆ ಬಿಡಲ್ಲ, ಅವರಿಗಿನ್ನೂ ಲೈಸೆನ್ಸಿಲ್ಲ… ಇಗೋ ಬಂದ್ರು. ಅಮ್ಮಾ, ನಮ್ಮಕ್ಕ ಆಸ್ಪತ್ರೆಗೆ ಹೋಗು ಅಂತಿದಾಳೆ. ಮಗು ಅಲ್ಲಾಡ್ತಿಲ್ಲ… ಅಕ್ಕ, ಅವರು ಆಗ್ಲೇ ರಸ್ತೆ ಮಧ್ಯ ನಿಂತು ಕೈ ಅಡ್ಡ ಹಾಕ್ತಿದಾರೆ. ಟ್ಯಾಕ್ಸಿ ನಿಲ್ತು. ಅಮ್ಮಾ, ಕಾರ್ ಬೀಗ… ಹಾಕಿದ್ರಾ. ಸರಿ.

…

ಕಟ್ ಮಾಡಲ್ಲ, ಹತ್ತಿದೀವಿ. ಮಾತಾಡು ನೀನು, ಏನಾದ್ರೂ ಮಾತಾಡು… ತಣ್ಣೀರು ಕುಡಿದೆ. ಎಡಕ್ಕೆ ವಾಲಿದೀನಿ, ಬ್ರೇಕಮ್ಮನ ತೊಡೆ ಮೇಲೇ ತಲೆ. ಅವರು ತಣ್ಣೀರು ಬಾಟ್ಲಿ ನನ್ನ ಅಂಗೈಗೆ ಒತ್ತಿ ಹಿಡಿದಿದಾರೆ. ಅಕ್ಕ, ನಾನು ಕೆರ್ಕೋತಾ ಕೂತಿದ್ದೆ, ಒಳಗಡೆ ಅದು ಏನು ಪಾಡು ಪಡ್ತಿತ್ತೋ… ಹೇಳ್ಬೇಡ ಅಂದ್ರೆ ಹೇಳಲ್ಲ. ಸಿಗ್ನಲ್. ಎಲ್ಲಾ ಸಿಗ್ನಲ್ಲೂ ಕೆಂಪೇ ಇದೆ ಇವತ್ತು. ಡ್ರೈವರಣ್ಣ, ಆ ಸಂದೀಲಿ ನುಗ್ಸಿ, ಮಾರ್ಕೆಟ್ ಹಿಂದಿನಿಂದ ದಾರಿ ಇದೆ. ನಾನು ಹೇಳ್ತೀನಿ, ನನಗೆ ದಾರಿ ಗೊತ್ತು.

…

ಇಳಿದ್ವಿ. ಗಾಲಿ ಕುರ್ಚಿ ತಂದಿದಾರೆ… ನೀನು ಹೇಳಿದ ಹಾಗೇ ಹೇಳಿದೆ. ಅಂಗೈ ಅಂಗಾಲು ತುರಿಕೆ, ಗುಳ್ಳೆ ಇಲ್ಲ, ಮಗು ಅಲ್ಲಾಡೋದು ಗೊತ್ತಾಗ್ತಿಲ್ಲ. ಕೌಂಟರಲ್ಲಿದ್ದ ಹುಡುಗಿ ಬರೀತಿದ್ದ ಪೆನ್ ಬಿಟ್ಟು ಎದ್ದಳು.

…

ಮಲಗಿಸಿದಾರೆ. ಹೊಟ್ಟೆ ಸುತ್ತ ಪಟ್ಟಿ ಕಟ್ತಿದಾರೆ. ಏನೋ ತಣ್ಣಗೆ ಹಚ್ಚಿದ್ರು… ಇಲ್ಲ, ಬರೀ ಗೊರಗೊರ ಅಂತಿದೆ. ರೇಡಿಯೋ ಸ್ಟೇಷನ್ ಹುಡುಕ್ತಿರೋ ಹಾಗೆ. ಅಕ್ಕ, ಎದೆಬಡಿತ ಸಿಗ್ತಿಲ್ಲ. ಆ ಕಡೆ ಈ ಕಡೆ ಒತ್ತಿ ನೋಡ್ತಿದಾರೆ, ಸಿಗ್ತಿಲ್ಲ. ಮಾತಾಡ್ಬೇಡ ಒಂದ್ನಿಮಿಷ…

…

…

ಕೇಳಿಸ್ತಾ? ಅಕ್ಕ, ಕೇಳಿಸ್ತಾ? ತಡಿ, ಫೋನ್ ಹತ್ರ ಹಿಡೀತೀನಿ… ಅದೇ. ಅದೇ ಅಂತೆ. ಎರಡನೇ ಗೇರಲ್ಲಿ ಏರು ಹತ್ತೋ ಗಾಡಿ ತರ ಓಡ್ತಿದೆ. ನೀನ್ಯಾಕೆ ಅಳ್ತೀಯಾ, ದಿನಾ ಕೇಳೋದಲ್ವಾ ನೀನು… ಹಾಂ, ನಾನೂನೂ. ಬ್ರೇಕಮ್ಮ ಅಂತೂ ಗೋಡೆ ಕಡೆ ತಿರುಗಿ ನಿಂತಿದಾರೆ.

…

ಡಾಕ್ಟರ್ ಬಂದು ಹೋದ್ರು. ರಕ್ತ ತಗೊಂಡ್ರು. ಪಿತ್ತದ್ದೇ ಇರ್ಬೇಕು ಅಂತಾರೆ, ರಿಪೋರ್ಟ್ ನಾಳೆ ಬರತ್ತೆ. ಮನೆಗೆ ಕಳಿಸಲ್ವಂತೆ. ಮಾತ್ರೆ ಶುರು ಮಾಡ್ತಾರೆ, ದಿನಾ ಹೀಗೇ ಪಟ್ಟಿ ಕಟ್ಟಿ ಎದೆಬಡಿತ ನೋಡ್ತಾರೆ, ಬೇಕಾದ್ರೆ ಹೆರಿಗೆ ಸ್ವಲ್ಪ ಮುಂಚೆನೇ ಮಾಡಿಸ್ತಾರಂತೆ. ಒಳ್ಳೆ ಹೊತ್ತಿಗೆ ಬಂದ್ರಿ ಅಂದ್ರು… ಇವರಿಗೆ ಫೋನ್ ಹೋಗಿದೆ, ಹೊರಟಿದಾರೆ… ಒದೀತಿದೆ. ಈಗ. ಇಲ್ಲೇ, ಪಕ್ಕೆ ಹತ್ರ. ಇಷ್ಟೊತ್ತು ಎಲ್ಲಿತ್ತು ಇದು… ಅಕ್ಕ, ಕಾಲಿಗೆ ಏನೋ ತಣ್ಣನೆ ಮುಲಾಮು ಹಚ್ತಿದಾರೆ. ಹಾಯಾಗಿದೆ. ನೀನು ಹೇಳ್ತಿರು, ನಾನು ಕೇಳಿಸ್ಕೋತಿರ್ತೀನಿ…

…

…

ಹಲೋ, ನಾನಮ್ಮ, ಕಾರು ಕಲಿಯೋಕೆ ಬರೋಳು. ನಿಮ್ಮ ತಂಗಿ ಕೈಯಿಂದ ಫೋನ್ ಜಾರ್ತಿತ್ತು, ತಗೊಂಡೆ… ಇಲ್ಲ ಇಲ್ಲ, ಗಾಬರಿ ಆಗ್ಬೇಡಿ, ನಿದ್ದೆ ಹೋಗಿದಾಳೆ. ಮಾತಾಡ್ತಾ ಮಾತಾಡ್ತಾ ಬಾಯಿ ಹಾಗೇ ನಿಂತೋಯ್ತು. ಮಷಿನ್ ಓಡ್ತಾನೇ ಇದೆ, ನರ್ಸಮ್ಮ ನೋಡಿ ತಲೆ ಆಡಿಸಿದ್ರು… ಎಬ್ಬಿಸಲ್ಲ. ನಿದ್ದೇಲೂ ಕಾಲು ಕಾಲು ಉಜ್ಕೋತಿದಾಳೆ ಪಾಪ, ಒದ್ದೆ ಬಟ್ಟೆ ಸುತ್ತಿದೀನಿ… ಬನ್ನಿ, ಅವಸರ ಮಾಡ್ಬೇಡಿ, ನಿಧಾನವಾಗೇ ಬನ್ನಿ. ನೀವು ಬರೋವರೆಗೂ ನಾನಿಲ್ಲೇ ಕೂತಿರ್ತೀನಿ. ನನಗೇನು, ಮನೇಲಿ ಕಾಯೋರು ಯಾರೂ… ಹಲೋ?… ಫೋನ್ ಯಾಕೋ ಪಿಂಯ್ ಪಿಂಯ್ ಅಂತಿದೆ, ಚಾರ್ಜ್ ಇಲ್ವೋ ಏನೋ. ಕೇಳಿಸ್ತಿದೆಯಾ? ಮಲಗಿದಾಳಮ್ಮ, ಚೆನ್ನಾಗಿ ಮಲ—