ಕೋಮಲಳ ಗೋಡೆಯ ಗೆರೆ

ಒಂದೇ ದಿನದ ಮಳೆಗೆ ಮುಂಬೈ ಮುಳುಗಿತೆಂದು ಪೇಪರಿನವರು ಬರೆದು ಹದಿನೈದು ದಿನವಾಗಿತ್ತು. ಸಿಂದಗಿ ಬಸ್‌ನಿಲ್ದಾಣದಲ್ಲಿ ಕೂತಿದ್ದ ವಿದ್ಯಾವತಿ ಟೀಚರಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಕೇಳಿಸಿತು. ಒಬ್ಬಳ ಮಡಿಲಲ್ಲಿ ನಾಗರ ಪಂಚಮಿಯ ಉಂಡಿಯ ಗಂಟಿತ್ತು.

“ಮರೆವ್ವಾ, ಪಂಚಮಿಗೆ ಮಗಳನ್ನ ಕರಿಯಾಕ ಮುಂಬೈಗೆ ಹೊಂಟೀಯೇನ?”

“ಮಗಳೆಲ್ಲಿ ಉಳದಾಳ ಯಕ್ಕಾ? ಮಮ್ಮಗಳನ್ನ ಕರಕೊಂಡ ಬರಾಕ ಹೊಂಟೇನಿ.”

“ಅಯ್ಯ ಶಿವನ! ಕೋಮಲಾ?”

“ಸಮುದ್ರದ ದಂಡಿಗೆ ಮನಿ. ಸಮುದ್ರಾನೂ ಉಕ್ಕಿ ಬಂದಿತ್ತಂತ, ಮಳಿ ನೀರ ಹೋಗಾಕ ಹಾದೀನ ಇರಲಿಲ್ಲ. ಅಳಿಯ ಕೆಲಸಕ್ಕ ಹೋಗಿದ್ದ. ಕೂಸನ್ನ ಮ್ಯಾಲಿನ ಮನಿಯವರ ಕೈಗೆ ಏರಿಸಿ ಕೊಟ್ಲಂತ. ಆಕೀಗೆ ಹತ್ತಾಕ ಆಗಲಿಲ್ಲ.”

“ಒಮ್ಮಿಂದೊಮ್ಮೆಲೇ ಬಂತೇನ?”

“ಇಲ್ಲ. ವರ್ಷಾ ವರ್ಷಾ ಏರಾಕತ್ತಿತ್ತು. ನೀರ ಎಲ್ಲೀಮಟಾ ಬಂತು ಅಂತ ಅಳಿಯ ಗ್ವಾಡಿ ಮ್ಯಾಲ ಇದ್ದಲಿಲೆ ಗೆರಿ ಹೊಡೀತಿದ್ದ. ಮದುವಿ ಆದ ವರ್ಷ ಹೊಸ್ತಿಲಕ್ಕ ಇತ್ತು, ಹೋದ ವರ್ಷ ಒಲಿ ಮುಟ್ಟಿತ್ತು. ಫೋನಿನ್ಯಾಗ ಹೇಳಿದ್ಲು, ಅಂಜಿಕಿ ಬರ್ತೈತಿ ಯವ್ವಾ ಅಂತ.”

“ನೀ ಏನಂದಿ?”

ಮರೆವ್ವ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

“ನಾವಿಲ್ಲಿ ಒಂದ ಕೊಡ ನೀರಿಗೆ ಹರದಾರಿ ನಡೀತೇವಿ, ನಿನಗ ಬಾಗಲಿಗೇ ಬರ್ತಾವು, ಪುಣ್ಯವಂತಿ ಅದಿ ಅಂದ್ನಿ. ನಕ್ಕಳು. ಮುಂದ ಆ ಮಾತ ತಗೀಲೇ ಇಲ್ಲ.”

ಮುಂಬೈ ರೈಲು ಸಿಗುವ ಸೊಲ್ಲಾಪುರದ ಬಸ್ಸು ಬಂತು. ಗೆಳತಿ ತನ್ನ ನೀರಿನ ಬಾಟ್ಲಿಯನ್ನು ಅವಳ ಕೈಗಿಟ್ಟಳು. “ದಾರ್ಯಾಗ ಕುಡಿ.”

ಬಾಟ್ಲಿಯ ಮುಚ್ಚಳ ಸಡಿಲಾಗಿತ್ತು. ಮರೆವ್ವ ಗಂಟನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಹನಿಯೂ ಚೆಲ್ಲದಂತೆ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಹತ್ತಿದಳು.