ಮೂರು ಪುಸ್ತಕದ ಪಾವತಿ

ನಗೋರು ಈಗ ನಕ್ಕ ಬಿಡ್ರಿ. ನಾ ಸುರು ಮಾಡಿದ ಮ್ಯಾಲ ನಗಬ್ಯಾಡ್ರಿ, ನನಗ ಸಿಟ್ಟ ಬರತೈತಿ. ಆ ಬಾಗಲಾ ಒಂಚೂರು ಮುಂದ ಮಾಡ್ರಿ... ಹಾಂ, ಅಷ್ಟ ಸಾಕು.

ಇದು ನಮ್ಮ ಮಗ್ಗಲ ಮನಿ ಸುಧೀರ ಮಾಸ್ತರಗ ಆಗಿದ್ದು. ಅಂವಾ, ನಾ ಕೂಡಿ ಸಾಲಿ ಕಲ್ತೋರು. ಅದಕ್ಕ ಅಂವಾ ಇಂವಾ ಅಂತೇನಿ, ತಪ್ಪ ತಿಳೀಬ್ಯಾಡ್ರಿ. ಇಂಡಿಯಿಂದ ತಾಂಬಾಕ್ಕ ಹೋಗೋ ದಾರ್ಯಾಗ ನಮ್ಮೂರು. ಊರ ಹೆಸರ ಬ್ಯಾಡ. ಹೋದ ವರ್ಷದ ಬ್ಯಾಸಗಿ, ಅಮಾಸಿ ಇನ್ನ ಎರಡ ದಿನಾ ಇತ್ತು. ಮಾಸ್ತರ ಇಂಡಿಯಿಂದ ಕಡೀ ಬಸ್ಸಿಗೆ ಬಂದು ಕ್ರಾಸಿನ್ಯಾಗ ಇಳದಾ. ಅಲ್ಲಿಂದ ಊರಿಗೆ ಒಂದು ಮೈಲು ಕಾಲದಾರಿ. ಎಡಕ್ಕ ಲಿಂಬಿ ತ್ವಾಟ, ಬಲಕ್ಕ ಆಲದ ಗಿಡ, ಅದರ ಬುಡಕ ಮೆಟ್ಟಲ ಬಾವಿ. ಕರೆಂಟ ಹೋಗಿತ್ತು. ಮೊಬೈಲ ಬೆಳಕ ಬಿಟ್ಕೊಂಡ ಹೊಂಟಿದ್ದಾ.

ಆಲದ ಗಿಡದ ಕೆಳಗ ಬಂದಾಗ ಹಿಂದ ಸಪ್ಪಳ ಕೇಳಿಸ್ತು. ಚಪ್... ಚಪ್... ತೊಯ್ದ ಚಪ್ಪಲಿ ಸಪ್ಪಳ. ಅಂವಾ ನಿಂತಾ. ಅದೂ ನಿಂತಿತು. ಅಂವಾ ನಡದಾ. ಅದೂ ನಡೀತು. ಗಾಳಿ ಇಲ್ಲ, ನಾಯಿ ಇಲ್ಲ, ಲಿಂಬಿ ವಾಸನಿ ಒಂದ. ಆಮ್ಯಾಲ ಕಿವಿ ಹಂತ್ಯಾಕ ಬಂದು, ಭಾಳ ಸಣ್ಣ ದನಿಲೆ, ವರ್ಗದಾಗ ಕೇಳಿದಂಗ ಮರ್ಯಾದಿಲೆ ಕೇಳಿತು.

"ಸರ... ಪುಸ್ತಕ ಮುಟ್ಟಿಸಿದ್ರೇನ್ರಿ?"

"ಹೂಂ, ಮುಟ್ಟಿಸೇನಿ, ಹೋಗವ್ವ."

ಬಾಯಿ ತಾನ ಅಂದಬಿಡ್ತು. ಅಂದ ಮ್ಯಾಲ ಹೊಳ್ಳಿ ನೋಡಲಾರದ ಊರ ಕಡೆ ಓಡಿದಾ. ಯಾಕಂದ್ರ ಅದ ಮಾತು, ಅದ ಜಾಗಾದಾಗ, ಅದ ಹುಡುಗಿಗೆ, ಏಳು ವರ್ಷದ ಹಿಂದ ಅಂವಾ ಅಂದಿದ್ದಾ. ಆ ಹುಡುಗಿ ಮಣ್ಣಿಗೆ ಹೋಗೇನೂ ಏಳು ವರ್ಷ ಆಗಿತ್ತು.

ಅಕಿ ಹೆಸರ ಸುನೀತಾ. ಕುರಿ ಕಾಯೋ ಸುಂದರವ್ವನ ಒಬ್ಬಾಕಿನ ಮಗಳು. ಗಂಡ ಹೋದ ಮ್ಯಾಲ ಸುಂದರವ್ವ ಕುರಿ ಹಿಂದ ತಿರುಗಿ ತಿರುಗಿ ಅಕಿನ್ನ ಪಿಯುಸಿ ಮಟಾ ತಂದಿದ್ಲು. ನರ್ಸ ಆಗ್ತೇನಿ ಅಂತಿತ್ತು ಕೂಸು. ನಮ್ಮೂರಾಗ ಹಿರ್ಯಾರು ಕೂಡಿ ಕಟ್ಟಿದ್ದ ಒಂದು ವಾಚನಾಲಯ ಐತಿ. ಪುಸ್ತಕ ಮನಿಗೆ ಒಯ್ಬೇಕಂದ್ರ ಪಗಾರದಾಂವ ಒಬ್ಬಾಂವ ಜಾಮೀನ ಸಹಿ ಹಾಕಬೇಕು. ಅಕಿಗೆ ಯಾರ ಹಾಕ್ಬೇಕ್ರಿ? ನಮ್ಮ ಮಾಸ್ತರ ಹಾಕಿದಾ. ಛಲೋ ಕೆಲಸಾನ ಮಾಡಿದಾ, ಅಲ್ಲಂತ ನಾ ಅನ್ನಾಂಗಿಲ್ಲ.

ಒಂದಿನಾ ಅಕಿ ಮೂರು ಪುಸ್ತಕ ಎದಿಗೆ ಅವಚ್ಕೊಂಡು ವಾಚನಾಲಯಕ್ಕ ಹೊಂಟಿದ್ಲು. ವಾಪಸ ಕೊಡೂ ಕಡೀ ದಿನಾ ಅದು. ಆಲದ ಗಿಡದ ಕೆಳಗ ಮಾಸ್ತರ ಸಿಕ್ಕಾ. ಮನ್ಯಾಗ ಅವ್ವಗ ಜ್ವರ ಅಂದ್ಲು. ಹಂಗಾರ ಇಲ್ಲೆ ಕೊಡವ್ವ, ನಾ ಆ ಕಡೆನ ಹೊಂಟೇನಿ ಅಂದಾ. ಇಸ್ಕೊಂಡು ಚೀಲದಾಗ ಹಾಕ್ಕೊಂಡಾ. ಅಷ್ಟರಾಗ ತಾಳಿಕೋಟಿ ಮದವಿಗೆ ಹೋಗೋ ಜೀಪು ಬಂತು, ಹತ್ತಿದಾ. ಮದವಿ ಊಟ, ಎರಡ ದಿನಾ ವಸ್ತಿ, ತಿರಗಿ ಬಂದು ಚೀಲಾ ಅಟ್ಟದ ಮ್ಯಾಲ. ಮರತಾ. ಬರೇ ಮರತಾ, ನೋಡ್ರಿ! ಅಕಿ ಎರಡ ಸಲಾ ಕೇಳಿದ್ಲು. ಎರಡೂ ಸಲಾ, ಹೂಂ ಮುಟ್ಟಿಸೇನಿ ಹೋಗವ್ವ, ಅಂದಾ.

ಆಗಸ್ಟ ಹದಿನೈದಕ್ಕ ಝಂಡಾ ಹಾರಿಸಿದ ಮ್ಯಾಲ ವಾಚನಾಲಯದ ಗುರಪ್ಪ ಎದ್ದ ನಿಂತು ಪುಸ್ತಕ ಕೊಡಲಾರದೋರ ಹೆಸರ ಓದಿದಾ. ಸುನೀತಾನ ಹೆಸರ ಬಂದಾಗ, ಮೂರು ಪುಸ್ತಕ ನುಂಗಿ ನೀರ ಕುಡದಾಳ, ಅಂದಾ. ಮಂದಿ ನಕ್ಕರು. ಅಕಿ ಮಾಸ್ತರನ ಕಡೆ ನೋಡಿದ್ಲು. ಮಾಸ್ತರ ಝಂಡಾದ ಕಡೆ ನೋಡಿದಾ. ಇಡೀ ಊರ ಮುಂದ ಮಾಸ್ತರ ಮರತಾನ ಅಂತ ಹ್ಯಾಂಗ ಹೇಳೂದು, ಅಷ್ಟ ಅಂವನ ತಲ್ಯಾಗ ಇದ್ದದ್ದು. ಆಮ್ಯಾಲ ಗುರಪ್ಪಗ ಒಳಗಿಂದೊಳಗ ಹೇಳಿದ್ರಾತು ಅಂದ್ಕೊಂಡಾ.

ಆ ರಾತ್ರಿ ಸುನೀತಾ ಕೊಡಾ ತಗೊಂಡು ಬಾವಿಗೆ ಹೋದಾಕಿ ತಿರಗಿ ಬರಲಿಲ್ಲ. ಜಾರಿದ್ಲೋ, ಹಾರಿದ್ಲೋ, ನೋಡಿದೋರಿಲ್ಲ.

ಇನ್ನರೆ ಬಾಯಿ ಬಿಡಬೇಕಿತ್ತಿಲ್ಲ? ಹನ್ನೊಂದನೇ ದಿನಾ ರಾತ್ರಿ ಅಟ್ಟದ ಚೀಲಾ ಇಳಿಸಿದಾ. ಮೂರೂ ಪುಸ್ತಕ ಧೋತ್ರದಾಗ ಕಲ್ಲ ಹಾಕಿ ಕಟ್ಟಿ, ಅದ ಬಾವಿಗೆ ಒಗದಾ. ಡುಬುಕ್... ಅಂತಂತ. ಆ ಸಪ್ಪಳ ಕಿವ್ಯಾಗಿಂದ ಹೋಗಿಲ್ಲ ಅಂತಾನ. ಹೇಣ್ತಿ ವಸುಧಾಗೂ ಗೊತ್ತಿರಲಿಲ್ಲ.

ಈಗ ಬರ್ರಿ ಹೋದ ವರ್ಷಕ್ಕ. ಗುರಪ್ಪ ಸತ್ತಾ. ವಾಚನಾಲಯಕ್ಕ ಹೊಸಾ ಕಮಿಟಿ ಬಂತು. ಹಳೇ ರಜಿಸ್ಟರೆಲ್ಲಾ ಕಂಪ್ಯೂಟರಿಗೆ ಏರಿಸಿ, ಬಾಕಿ ವಸೂಲಿ ಇಂಡಿಯ ದಾವಲಮಲಿಕಗ ಒಪ್ಪಿಸಿದ್ರು. ಅಂವಾ ಕಂತ ಕಟ್ಟಲಾರದೋರ ಬೈಕ ಎಳಕೊಂಡ ಹೋಗಾಂವ. ಪುಸ್ತಕದ ಬಾಕಿಗೂ ವಸೂಲಿ ಅಂದ್ರ ನಾವೆಲ್ಲಾ ನಕ್ಕಿದ್ವಿ. ಸುನೀತಾನ ಬಾಕಿಗೆ ಎರಡು ನೋಟೀಸ ಬಂದ್ವು. ಒಂದು ಜಾಮೀನದಾರ ಮಾಸ್ತರಗ. ಇನ್ನೊಂದು ಸತ್ತ ಮಗಳ ಹೆಸರಿಲೆ, ಸುಂದರವ್ವನ ಮನಿಗೆ.

ಸುಂದರವ್ವಗ ಓದಾಕ ಬರೂದಿಲ್ಲ. ತಮ್ಮ ಸಿದ್ಧರಾಮನ ಕಡಿಂದ ಓದಿಸಿದ್ಲು. ಆ ಕಾಗದಾ ಸೆರಗಿಗೆ ಗಂಟ ಹಾಕ್ಕೊಂಡು ಇಂಡಿಗೆ ಹೋಗಿ ದಾವಲಮಲಿಕನ ಮುಂದ ಕೂತಳು. ನನ್ನ ಮಗಳು ಪುಸ್ತಕ ಕೊಟ್ಟಾಳ, ಇಲ್ಲ ಅನ್ನಾಂವ ನನ್ನ ಮಾರಿ ನೋಡಿ ಅನ್ಲಿ ಅಂದ್ಲು. ಅಂವಾ ಕೆಟ್ಟ ಮನಿಶ್ಯಾ ಅಲ್ಲ ಬಿಡ್ರಿ. ಚಾ ತರಿಸಿ ಕೊಟ್ಟು, ನಾ ಪಟ್ಟಿ ಓದಾಂವ ಅಷ್ಟ ಅವ್ವಾ, ಜಾಮೀನದಾರ ಬರದ ಕೊಟ್ರ ಹೆಸರ ತಗೀತೇನಿ ಅಂದಾ. ಅಕಿ ಬಂದು ಮಾಸ್ತರಗ ಕೈ ಮುಗದ್ಲು. ಮಾಸ್ತರ ಏನಂದಾ? ನೀ ಯಾಕ ಚಿಂತಿ ಮಾಡ್ತಿ, ರೊಕ್ಕಾ ನಾನ ತುಂಬ್ತೇನಿ ಅಂದಾ. ಊರ ಮಂದಿ ದೇವರಂಥಾ ಮಾಸ್ತರ ಅಂದ್ರು. ನಾನೂ ಅಂದೆ.

ಕಡೀ ಬಸ್ಸಿಗೆ ಬಂದ್ನಲ್ಲ, ಅವತ್ತ ಇಂಡಿಗೆ ಹೋಗಿ ತುಂಬಿ ಬಂದಿದ್ದಾ. ಬಾವಿ ಹಂತ್ಯಾಕ ಆ ದನಿ ಕೇಳಿದಾಗ ರೊಕ್ಕಾ ಮುಟ್ಟಿದ ಪಾವತಿ ಚೀಟಿ ಅಂಗಿ ಕಿಸೆದಾಗ ಇತ್ತು. ಅದರಾಗ ಹಿಂಗ ಬರದಿತ್ತು: ಸುನೀತಾ ಇಟ್ಟುಕೊಂಡ ಮೂರು ಪುಸ್ತಕದ ಬಾಬತ್ತು. ಅದನ್ನ ಓದಿ, ಮಡಚಿ ಇಟ್ಕೊಂಡಿದ್ದಾ.

ಮನಿಗೆ ಬಂದು ಅಂಗಿ ಕಳದ್ರ ಅಂಗಿ ಒಣಾ ಒಣಾ. ಪಾವತಿ ತೊಯ್ದು ನೀರ ಇಳೀತಿತ್ತು. ವಸುಧಾ ಅದನ್ನ ಹಗ್ಗಕ್ಕ ಹಾಕಿದ್ಲು. ತೊಟ್... ತೊಟ್... ಮುಂಜಾನೆ ತನಕಾ ಹನಿ ಬೀಳ್ತಾನ ಇತ್ತು.

ಪಾವತ್ಯಾಗ ಏನ ಬರದೈತಿ ಅಂತ ದಾವಲಮಲಿಕ ಸಿದ್ಧರಾಮಗ ಫೋನಿನ್ಯಾಗ ಹೇಳಿದ್ದಾ, ಮುಂಜಾನೆ ಸುಂದರವ್ವ ಬಂದ್ಲು. ಆಗ ನಾ ಕಟ್ಟಿ ಮ್ಯಾಲ ಬೇವಿನ ಕಡ್ಡಿ ತಿಕ್ಕೊಂತ ಕೂತಿದ್ದೆ, ನನ್ನ ಕಿವೀಲೆ ಕೇಳೇನಿ. ಅಕಿ ಜೋರಾಗಿ ಮಾತಾಡ್ಲಿಲ್ಲ.

"ರೊಕ್ಕಾ ಕೊಟ್ಟು ನನ್ನ ಮಗಳ್ನ ಕಳ್ಳಿ ಅಂತ ಬರಸ್ಕೊಂಡ ಬಂದ್ರೇನ್ರಿ, ಸರ? ಎರಡ ಕುರಿ ಮಾರಿ ನಿಮ್ಮ ರೊಕ್ಕಾ ನಿಮಗ ಕೊಡ್ತೇನಿ. ಅಕಿ ಕಳ್ಳಿ ಅಲ್ಲ ಅಂತ ಒಂದ ಸಾಲ ಬರದ ಕೊಡ್ರಿ."

"ನನಗ ಗೊತ್ತಿಲ್ಲದ್ದು ಹ್ಯಾಂಗ ಬರೀಲಿ, ಸುಂದರವ್ವ?"

ಅಂದಾ ನೋಡ್ರಿ ಹಿಂಗ! ನಾನೂ ದೊಡ್ಡ ಶ್ಯಾಣ್ಯಾ ಆಗಿ, ಹೋಗ್ಲಿ ಬಿಡ ಸುಂದರವ್ವ, ಸತ್ತೋರ ಹೆಸರ ಯಾರ ನೋಡ್ತಾರ ಅಂದೆ. ಅಕಿ ನಮ್ಮಿಬ್ರನ್ನೂ ನೋಡಿ ಹೋಗಿಬಿಟ್ಲು. ಅವತ್ತ ಸಂಜಿಗೆ ದಾವಲಮಲಿಕನ ಫೋನ ಬಂತು. ಸುಂದರವ್ವ ತಕರಾರ ಹಾಕ್ಯಾಳ, ನಾಳಿ ಮುಂಜಾನೆ ಲಗೂನ ಕಮಿಟಿ ಕೂಡತೈತಿ, ಹುಡುಗಿ ಪುಸ್ತಕ ಕೊಟ್ಟಿದ್ಲೋ ಇಲ್ಲೋ, ಬಂದು ಹೇಳ್ರಿ ಅಂದಾ. ಮಾಸ್ತರ, ಕೊಟ್ಟಿಲ್ಲ ಅಂತ ಹೇಳೂದ ಅಂತ ಗಟ್ಟಿ ಮಾಡ್ಕೊಂಡು ಮಲಗಿದಾ.

ಸರುವೊತ್ತಿನ್ಯಾಗ ಬಾಗಿಲ ಚಿಲಕ ಅಲಗಾಡ್ತು. ಕಿಣ್... ಕಿಣ್... ವಸುಧಾ ನಿದ್ದ್ಯಾಗ ಇದ್ಲು. ಅಂವಾ ಎದ್ದು ಬಾಗಲದ ಹಿಂದ ನಿಂತಾ.

"ಸರ... ಪಾವತಿ ಕೊಡ್ರಿ."

ಕೊಟ್ರ ಹೋದೀತು ಅಂತ ಆ ತೊಯ್ದ ಕಾಗದಾ ಬಾಗಲ ಸಂದಿಲೆ ಹೊರಗ ನೂಕಿದಾ. ಆಕಡೆ ಯಾರೋ ಎಳಕೊಂಡ್ರು. ಆಮ್ಯಾಲ ಓದೂ ಸಪ್ಪಳ... ಸಣ್ಣ ಹುಡುಗ್ರು ಬೆರಳ ಇಟ್ಟು ಓದ್ತಾರಲ್ಲ, ಹಂಗ. ಸುನೀತಾ... ಇಟ್ಟುಕೊಂಡ... ಮೂರು... ಅಲ್ಲಿಗೆ ನಿಂತಿತು.

"ಇದು ನನ್ನ ಪಾವತಿ ಅಲ್ರಿ, ಸರ."

ಆಗ ಅಂವನ ಧೈರ್ಯ ಒಡೀತು. ಬಾಗಲಕ್ಕ ಹಣಿ ಹಚ್ಚಿ, ಏಳು ವರ್ಷ ಹೇಣ್ತಿಗೂ ಹೇಳಲಾರದ್ದನ್ನ ಅಂದಾ.

"ಪುಸ್ತಕ ಬಾವ್ಯಾಗ ಅವ, ತಂಗಿ... ನಾನ ಒಗದೇನಿ."

"ಹಂಗಾರ ಬರ್ರಿ. ವ್ಯಾಳ್ಯಾ ಆತು."

ಚಿಲಕ ತಗದಾಂವ ತಾನ. ಯಾರೂ ಎಳದಿಲ್ಲ, ಯಾರೂ ಮುಟ್ಟಿಲ್ಲ ಅಂತಾನ. ಮುಂದ ಚಪ್... ಚಪ್... ಸಪ್ಪಳ, ಹಿಂದ ಅಂವಾ. ಬಾವಿ ಮೆಟ್ಟಲಾ ಒಂದೊಂದ ಇಳದದ್ದು ನೆನಪೈತಿ. ನೀರು ಮೊಳಕಾಲಿಗೆ ಬಂತು, ನಡಕ್ಕ ಬಂತು, ಕುತಿಗಿಗೆ ಬಂತು. ಭಾಳ ಥಂಡ ಇತ್ತಂತ. ಆಮ್ಯಾಲ ಕತ್ತಲದಾಗ ಎಲ್ಲೋ ಹಂತ್ಯಾಕನ, ಠಪ್... ಠಪ್... ಠಪ್... ಗುರಪ್ಪ ವಾಪಸ ಬಂದ ಪುಸ್ತಕದ ಮ್ಯಾಲ ತಾರೀಖಿನ ಶಿಕ್ಕಾ, ಅಂದ್ರ ಮುದ್ರಿ, ಹೊಡೀತಿದ್ನಲ್ಲ, ಆ ಸಪ್ಪಳ. ಮೂರು ಸಲಾ. ಅದರ ಮುಂದಿಂದು ಅಂವಗೂ ಗೊತ್ತಿಲ್ಲ.

ನಸುಕಿನ್ಯಾಗ ಕುರಿಗೆ ನೀರ ಕುಡಸಾಕ ಬಂದ ಸಿದ್ಧರಾಮ ನೋಡಿದಾ. ಕುರಿ ಒಂದೂ ಬಾವಿ ಕಡೆ ಸುಳೀವಲ್ವು, ಯಾಕ ಅಂತ ಬಗ್ಗಿದ್ರ... ಮಾಸ್ತರ ಕುತಿಗಿ ಮಟಾ ನೀರಾಗ ನಿಂತಾನ. ಎರಡೂ ಕೈ ಮ್ಯಾಲ ಎತ್ಯಾನ. ಕೈಯಾಗ ಮೂರು ಪುಸ್ತಕ. ಸಿದ್ಧರಾಮ ಇಳದು ಹೋಗಿ, ಕೈ ಕೆಳಗ ಮಾಡ್ರಿ ಸರ, ನಾ ಹಿಡೀತೇನಿ ಅಂದಾ.

"ಬ್ಯಾಡ. ತೋಯ್ತಾವ."

ಅಷ್ಟ ಅಂದಾ. ನಾಲ್ಕ ಮಂದಿ ಎಳದು ಮ್ಯಾಲ ತಂದ್ವಿ, ಅದರಾಗ ನಾನೂ ಒಬ್ಬಾಂವ. ಕೈ ಹಂಗ ಮ್ಯಾಲ. ಹಂಗ ನೀರ ಇಳಸ್ಕೊಂತ ವಾಚನಾಲಯಕ್ಕ ನಡದಾ. ಕಮಿಟ್ಯಾರು ಬಂದಿದ್ರು, ದಾವಲಮಲಿಕ ಬಂದಿದ್ದಾ, ಸುಂದರವ್ವ ಬಾಗಲದಾಗ ಕೂತಿದ್ಲು. ಎಲ್ಲಾರ ಮುಂದ ಹೇಳಿದಾ. ಹುಡುಗಿ ನನ್ನ ಕೈಯಾಗ ಕೊಟ್ಟಿದ್ಲು, ನಾ ಮುಟ್ಟಿಸ್ಲಿಲ್ಲ, ಝಂಡಾದ ದಿನಾ ನಾ ಸುಮ್ನ ನಿಂತೆ. ವಸುಧಾ ಅಲ್ಲೆ ನೆಲಕ್ಕ ಕುಸದ್ಲು.

ಸುಂದರವ್ವ ಬೈತಾಳ, ಹೊಡೀತಾಳ ಅಂತ ನಾವು ತಯಾರ ಇದ್ವಿ. ಅಕಿ ಎದ್ದು ಬಂದು, ಎತ್ತಿದ ಕೈಯಾಗಿಂದ ಒಂದೊಂದ ಪುಸ್ತಕ ಇಸ್ಕೊಂಡ್ಲು. ಸೆರಗಿಲೆ ಒರಸಿದ್ಲು. ದಾವಲಮಲಿಕನ ಮುಂದ ಇಟ್ಟು, ನನ್ನ ಮಗಳ ಹೆಸರಿಲೆ ಪಾವತಿ ಬರೀರಿ ಅಂದ್ಲು. ಅಂವಾ ಬರದಾ: ಸುನೀತಾ, ಮೂರು ಪುಸ್ತಕ, ಮುಟ್ಟಿದವು. ಅದನ್ನ ಸೆರಗಿಗೆ ಗಂಟ ಹಾಕ್ಕೊಂಡು ಹೋದ್ಲು. ಮಾಸ್ತರನ ಮಾರಿ ಒಮ್ಮಿನೂ ನೋಡ್ಲಿಲ್ಲ. ಈಗೂ ನೋಡಾಂಗಿಲ್ಲ.

ಮಾಸ್ತರ ಇನ್ನೂ ಅದಾನ. ಕೈ ಹೆಗಲಿನ ಕೆಳಗ ಇಳೀವಲ್ವು. ಸೊಲ್ಲಾಪುರ ಮಟಾ ತೋರಿಸ್ಕೊಂಡ ಬಂದ್ವಿ, ನರದ ತೊಂದ್ರಿ ಅಂದ್ರು. ವಸುಧಾ ತುತ್ತ ಮಾಡಿ ತಿನಸ್ತಾಳ, ಮಾತಾಡೂದಿಲ್ಲ. ರಾತ್ರಿ ಗ್ವಾಡಿ ಆಚಿಂದ ನನಗ ಕೇಳಸ್ತೈತಿ... "ಮುಟ್ಟಿಸೇನಿ ಹೋಗವ್ವ, ಮುಟ್ಟಿಸೇನಿ..."

ಹುಚ್ಚ ಹಿಡದು ತಾನ ಬಾವ್ಯಾಗ ಇಳದಾನ ಅಂತೀರಿ. ಅನ್ರಿ. ನಾನೂ ಹಂಗ ಅಂದ್ಕೊಂಡು ವಾಚನಾಲಯಕ್ಕ ಹೋಗಿ ಆ ಪುಸ್ತಕ ತಗಸೇನಿ. ಏಳು ವರ್ಷ ನೀರಾಗ ಇದ್ದವ. ಒಂದ ಹಾಳಿ ತೊಯ್ದಿಲ್ಲ, ಒಂದ ಮೂಲಿ ಮಡಚಿಲ್ಲ. ಕಡೀ ಹಾಳ್ಯಾಗ ವಾಪಸ ಬಂದ ತಾರೀಖಿನ ಶಿಕ್ಕಾ ಐತಿ, ಮೂರರ ಮ್ಯಾಲೂ. ಅಕಿ ಆಲದ ಗಿಡದ ಕೆಳಗ ಮಾಸ್ತರನ ಕೈಯಾಗ ಕೊಟ್ಟ ದಿನದ್ದು. ಗುರಪ್ಪ ಸತ್ತಾಗ ಆ ಶಿಕ್ಕಾ ಮುರದ ಒಗದಾರ, ಈಗ ಎಲ್ಲಾ ಕಂಪ್ಯೂಟರ.

ಇರ್ಲಿ, ಅದನ್ನೂ ಬಿಡ್ರಿ. ನಾ ಮತ್ತ ಹೋದ ಐತಾರ ಹೋಗಿದ್ದೆ. ಮೂರನೇ ಕಪಾಟು, ಕೆಳಗಿನ ಸಾಲು, ನೀವೂ ಹೋಗಿ ನೋಡ್ರಿ. ಶಿಕ್ಕಾದ ಮ್ಯಾಲ ಹೆಬ್ಬೆರಳ ಇಟ್ಟೆ. ವರ್ಷ ಆತು... ಮಸಿ ಇನ್ನೂ ಹಸಿ ಐತಿ. ಸುಳ್ಳ ಹೇಳಿ ನನಗೇನ ಬರೂದೈತಿ? ಆ ದೀಪ ಇತ್ಲಾಗ ತರ್ರಿ. ನೋಡ್ರಿ, ಬೆರಳಿಗೆ ಹತ್ತೈತಿ.